ಚಿಕ್ಕತಾಯಮ್ಮನ ‘ಹೂಂ’

ಕೋವಿಡ್ ಮುಗಿದ ಮಾರನೆಯ ವರ್ಷ ನಾನು ಹುಣಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ಕೆಟ್ಟವರಿಗೆ ಮಾತು ಕಲಿಸುವುದು, ಅದಾಗದಿದ್ದರೆ ಅವರೊಂದಿಗೆ ಮಾತಾಡುವ ಬಗೆಯನ್ನು ಮನೆಯವರಿಗೆ ಕಲಿಸುವುದು ನನ್ನ ಕೆಲಸ.

ಕಂಪಲಾಪುರದ ಆಚೆಯ ಹಳ್ಳಿಯೊಂದರ ಚಿಕ್ಕತಾಯಮ್ಮನವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಸ್ವಲ್ಪ ಹೊತ್ತು ಕೂತು ಮಾತಾಡಿದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. “ಬಾರವ್ವ, ಕೂತ್ಕೊ, ಮನೇಲೆಲ್ಲ ಚೆಂದಾಗವ್ರಾ?” ಎನ್ನುವರು. ಮಕ್ಕಳೆಷ್ಟು ಎಂದರೆ, “ನಿಂಗೊತ್ತಿಲ್ವಾ?” ಎಂದು ನಗುವರು. ಸಂಗತಿಗಳು ಅಳಿಸಿಹೋಗಿದ್ದವು, ಮರ್ಯಾದೆಯ ಮಾತು ಉಳಿದಿತ್ತು. ಈ ಕಾಯಿಲೆಯ ಬಹಳ ಮಂದಿ ಹೀಗೆಯೇ ಸಂಭಾಷಣೆಯನ್ನು ನಿಭಾಯಿಸುತ್ತಾರೆ.

ನೋಡಿಕೊಳ್ಳುತ್ತಿದ್ದವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಗಳು ಭಾಗ್ಯ. ಮಗ ಸ್ವಾಮಿ ಅದೇ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ಇಬ್ಬರನ್ನೂ ಕೂರಿಸಿ ಹೇಳಿದೆ: ಉದ್ದದ ಪ್ರಶ್ನೆ ಬೇಡ, ಹೂಂ ಅಥವಾ ಉಹೂಂ ಎಂದರೆ ಸಾಕಾಗುವಂಥದ್ದು ಕೇಳಿ, ಅವರಿಗೆ ಗಾಬರಿಯಾಗುವುದಿಲ್ಲ. ಸ್ವಾಮಿ ಕಿವಿಗೊಟ್ಟು ಕೇಳಿದ. ಒಳ್ಳೆಯ ಮಗ ಎಂದುಕೊಂಡೆ.

ಮನೆ ತಾಯಿಯ ಹೆಸರಿನಲ್ಲಿತ್ತು. ಇನ್ನೊಮ್ಮೆ ಹೋದಾಗ ಜಗುಲಿ ತುಂಬ ಸ್ವಾಮಿ ಕರೆಸಿದ್ದ ಊರ ಯಜಮಾನರು ಕೂತಿದ್ದರು. ಅವರೆದುರು ಮನೆಯ ಹಿರಿಯರು ಆಡಿದ ಮಾತನ್ನು ಆ ಊರಲ್ಲಿ ಯಾರೂ ಮೀರುವಂತಿಲ್ಲ. ಸ್ವಾಮಿ ಮೆಲ್ಲಗೆ, ನಾನು ಕಲಿಸಿದ ಹಾಗೆಯೇ, ಕೇಳಿದ: “ಅವ್ವಾ, ಮನೆ ನಂಗೆ ತಾನೆ?”

“ಹೂಂ ಕಣಪ್ಪ, ಇನ್ಯಾರ್ಗೆ?”

ನನಗೆ ಮೈಯೆಲ್ಲ ಉರಿಯಿತು. ಎಲ್ಲರ ಮುಂದೆಯೇ ಕೇಳಿದೆ: “ಅಮ್ಮಾ, ಮನೆ ಭಾಗ್ಯನಿಗೆ ತಾನೆ?”

“ಹೂಂ ಕಣವ್ವ, ಇನ್ಯಾರ್ಗೆ?”

ನೋಡಿ, ಇದು ಒಪ್ಪಿಗೆಯಲ್ಲ, ಕಾಯಿಲೆ ಎಂದೆ. ಹಿರಿಯ ಯಜಮಾನರಿಗೆ ನಗು ಬಂತು. “ಮೊದ್ಲು ಆಡಿದ್ದೇ ಮಾತು ಕಣವ್ವ. ಆಯಮ್ಮ ಚೆನ್ನಾಗೇ ಮಾತಾಡ್ತಾಳೆ, ನೀನ್ಯಾಕೆ ತಲೆ ಕೆಡುಸ್ತೀಯ?”

ಕೋರ್ಟಿಗೆ ಹೋಗು ಎಂದು ಭಾಗ್ಯನಿಗೆ ಹೇಳಿದೆ. “ಊರ್ನೇ ಎದುರಾಕ್ಕೊಂಡು ಎಲ್ಲಿರ್ಲಿ ಅಕ್ಕ?” ಎಂದಳು.

ಸ್ವಾಮಿ ಸಂಸಾರ ಸಮೇತ ಬಂದು ಸೇರಿಕೊಂಡ. ಭಾಗ್ಯನಿಗೆ ಅಲ್ಲಿ ಜಾಗವಿಲ್ಲದಾಯಿತು. ಬಟ್ಟೆಯ ಗಂಟು ಹಿಡಿದು ಅವಳು ಹೊಸಿಲು ದಾಟುವಾಗ ನಾನೂ ಅಲ್ಲಿದ್ದೆ. ತಾಯಿ, ಬಂದ ನೆಂಟರನ್ನು ಕಳಿಸಿಕೊಡುವಂತೆ ಎದ್ದು ಬಾಗಿಲವರೆಗೆ ಬಂದರು.

“ಇಷ್ಟ್ ಬೇಗ ಒಂಟ್ಯಾ? ಉಂಡ್ಕೊಂಡು ಓಗ್ಬೋದಿತ್ತು. ಆಗಾಗ ಬತ್ತಾ ಇರವ್ವ.”

ಭಾಗ್ಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಡೆದುಬಿಟ್ಟಳು.

ಹೂಂ-ಉಹೂಂ ಪ್ರಶ್ನೆಯ ಆ ಸಲಹೆಯನ್ನು ನಾನು ಈಗಲೂ ಕೊಡುತ್ತೇನೆ, ರೋಗಿಗೆ ಅದು ಬೇಕೇ ಬೇಕು. ಆದರೆ ಮನೆ ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳಿಕೊಂಡು, ಆಮೇಲೆ ಬಾಯಿ ಬಿಡುತ್ತೇನೆ.