ಅಪ್ಪಾರಿಗೆ ಬೇಕಾದ ಸುದ್ದಿ
ನಮ್ಮೂರ ಮಠದ ಸ್ವಾಮಿಗಳನ್ನು ಎಂಬತ್ತು ದಾಟಿದ ಮುದುಕರೂ ‘ಅಪ್ಪಾರು’ ಎಂದೇ ಕರೆಯುತ್ತಾರೆ. ಮೋಕ್ಷದ ಪ್ರಶ್ನೆ ಹೊತ್ತು ಇಂಡಿ ಪಟ್ಟಣದಿಂದ ವಕೀಲರು ಬಂದರೆ, ಅಪ್ಪಾರು ಎರಡು ಮಾತಿನಲ್ಲಿ ಅದನ್ನು ಮುಗಿಸಿ, ಹಿಂದೆ ನಿಂತ ಅವರ ಹೆಂಡತಿಯ ಕಡೆ ತಿರುಗುತ್ತಾರೆ: “ಇವತ್ತ ಏನ್ ಪಲ್ಯಾ ಮಾಡಿದ್ದಿ ತಂಗಿ? ಸಣ್ಣಾಂವ ರಾತ್ರಿ ನಿದ್ದಿ ಮಾಡ್ತಾನಿಲ್ಲೊ?” ಟ್ರಾನ್ಸಿಸ್ಟರಿನಲ್ಲಿ ಬರುವ ದಿಲ್ಲಿಯ ಸುದ್ದಿ ಅವರಿಗೆ ಬೇಡ, ಯಾರ ಎಮ್ಮೆ ಈಯಿತು, ಯಾವ ಸೊಸೆ ಸಿಟ್ಟಾಗಿ ತವರಿಗೆ ಹೋದಳು, ಯಾರ ಕೂಸಿಗೆ ಹಲ್ಲು ಬಂತು, ಅದು ಬೇಕು. ಗಂಡಂದಿರಿಗೇ ಗೊತ್ತಿಲ್ಲದ ಮನೆಯ ಸಂಗತಿ ಅಪ್ಪಾರಿಗೆ ಗೊತ್ತಿರುತ್ತದೆ. ಏಳು ವರ್ಷದ ಹುಡುಗನಿದ್ದಾಗ ಅವ್ವನ ಸೆರಗು ಬಿಡಿಸಿ ತಂದು ಅವರನ್ನು ಮಠಕ್ಕೆ ಒಪ್ಪಿಸಿದ್ದರಂತೆ. ಆಮೇಲೆ ಮನೆಯನ್ನು ಅವರು ಕೇಳಿಯಷ್ಟೇ ಬಲ್ಲರು. ಮೊನ್ನೆ ಹೊರ್ತಿಯ ಸಾತವ್ವ ಆಶೀರ್ವಾದಕ್ಕೆಂದು ಮೊಮ್ಮಗನನ್ನು ಅವರ ತೊಡೆಯ ಮೇಲೆ ಮಲಗಿಸಿದಳು. ಕೂಸು ಉಚ್ಚೆ ಹೊಯ್ದುಬಿಟ್ಟಿತು. ಸಾತವ್ವ ನಾಚಿಕೊಂಡು, “ತಪ್ಪಾತ್ರಿ ಅಪ್ಪಾರ, ಅರಿವಿ ಬದಲ ಮಾಡ್ರಿ” ಅಂದಳು. “ಇರ್ಲಿ ಬಿಡವ್ವ, ಗಾಳಿಗಿ ಒಣಗತೈತಿ” ಅಂದರು. ಊಟದ ಹನಿ ಸಿಡಿದರೂ ಕಾವಿ ಬದಲಿಸುವ ಅಪ್ಪಾರು, ಅಂದು ಸಂಜೆಯ ಪೂಜೆಗೂ ಅದೇ ಕಾವಿಯಲ್ಲಿ ಕೂತರು.