ಗಮನಿಸಿದ್ದೇನೆ

ಮೂವತ್ತು ವರ್ಷ ನಾನು ಹೊರದೇಶಗಳ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಯಾರಿಗೂ ನೇರವಾಗಿ 'ಇಲ್ಲ' ಎಂದವಳಲ್ಲ. ಅಲ್ಲಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತನ್ನನ್ನು ಹೊಡೆಯಲು ಬಂದಿದ್ದರು ಎಂಬುದೂ ಹಾವಿಗೆ ಗೊತ್ತಾಗಬಾರದು. ಇದರಲ್ಲಿ ನನ್ನದು ಪಳಗಿದ ಕೈ. ನಿವೃತ್ತಿಯಾಗಿ ಧಾರವಾಡಕ್ಕೆ ಮರಳಿ, ವಿಶ್ವವಿದ್ಯಾಲಯವೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಕಲಿಸುವ ಪ್ರಾಧ್ಯಾಪಕಿಯಾದೆ. ಆ ಹಳೇ ವಿದ್ಯೆಯನ್ನು ಊರ ಗಡಿಯಲ್ಲೇ ಇಳಿಸಿ ಬರಬೇಕು ಎಂದು ಯಾರೂ ಹೇಳಲಿಲ್ಲ.

ಹೇಳಿದವಳು ಒಬ್ಬಳೇ, ನನ್ನ ಅಕ್ಕ. ಬಂದ ಮೊದಲ ವಾರ ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಎಣಗಾಯಿ ಪಲ್ಯ ಹೇಗಾಗಿದೆ ಎಂದು ಕೇಳಿದಳು. "ಇದಕ್ಕೆ ತನ್ನದೇ ಆದ ವ್ಯಕ್ತಿತ್ವ ಇದೆ" ಎಂದೆ. ಅಕ್ಕ ಸೌಟು ಕೆಳಗಿಟ್ಟಳು.

"ಉಪ್ಪು ಹೆಚ್ಚಾಗೇತಿ ಅನ್ನಾಕ ಬಾಯಾಗ ಹುಣ್ಣಾಗೇತೇನ? ಹೂಂ ಅನ್ನಲಾರದ, ಉಹೂಂ ಅನ್ನಲಾರದ ಇರಾಕ ಸರಕಾರ ನಿನಗ ಇಷ್ಟು ವರ್ಷ ಪಗಾರ ಕೊಡ್ತಿತ್ತೇನ?"

ನಕ್ಕು ಬಿಟ್ಟೆ. ನಗಬಾರದಿತ್ತು.

ನನ್ನ ಕೈಕೆಳಗೆ ಪಿಎಚ್‌ಡಿಗೆ ಸೇರಿದ ಮೊದಲ ಹುಡುಗಿ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳು. ಅವಳಪ್ಪ ಕೆಲವು ವರ್ಷ ಕೊಲ್ಲಿ ದೇಶದಲ್ಲಿ ಲಾರಿ ರಿಪೇರಿ ಮಾಡಿ ಬಂದವರು. ಅಂಥ ಕೆಲಸಗಾರರ ರಕ್ಷಣೆಗೆಂದು ದೇಶದೇಶಗಳ ನಡುವೆ ಆದ ಒಪ್ಪಂದಗಳೇ ಅವಳ ವಿಷಯ. ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ಬಸ್ಸಿನಲ್ಲೇ ಅರ್ಧ ಓದು ಮುಗಿಸುತ್ತಿದ್ದಳು, ನನಗಿಂತ ಜೋರಾಗಿ ಮಾತಾಡುತ್ತಿದ್ದಳು. ಅವಳನ್ನು ಕಂಡರೆ ನನಗೆ ಪ್ರೀತಿ. ಆ ಪ್ರೀತಿಯೇ ಕೆಲಸ ಕೆಡಿಸಿತು.

ಎರಡನೇ ಅಧ್ಯಾಯದಲ್ಲಿ ಅವಳೊಂದು ತಪ್ಪು ಮಾಡಿದ್ದಳು. ಸಹಿ ಬಿದ್ದ ಒಪ್ಪಂದಗಳೆಲ್ಲ ಜಾರಿಗೆ ಬಂದಿವೆ ಎಂದುಕೊಂಡಿದ್ದಳು. ಸಹಿ ಎಂದರೆ ನಿಶ್ಚಿತಾರ್ಥ ಇದ್ದಂತೆ, ಎರಡೂ ಸರಕಾರಗಳು ಅನುಮೋದಿಸಿದರಷ್ಟೇ ಮದುವೆ. ಎಷ್ಟೋ ಮದುವೆಗಳು ಅಲ್ಲಿಗೇ ನಿಂತುಹೋಗುತ್ತವೆ. ಅಂಥ ಹಲವು ನಿಶ್ಚಿತಾರ್ಥಗಳಲ್ಲಿ ಪೆನ್ನು ಹಿಡಿದು ನಿಂತವಳು ನಾನು, ನನಗೆ ಗೊತ್ತಿಲ್ಲವೇ? ಆದರೂ ಅಂಚಿನಲ್ಲಿ ಬರೆದದ್ದು ಒಂದೇ ಪದ: 'ಗಮನಿಸಿದ್ದೇನೆ.' ರಾಯಭಾರಿಗಳ ಭಾಷೆಯಲ್ಲಿ ಅದರ ಅರ್ಥ, ನೀವು ಹೇಳಿದ್ದು ಕೇಳಿಸಿತು, ಒಪ್ಪುವುದಿಲ್ಲ. ಧಾರವಾಡದ ಭಾಷೆಯಲ್ಲಿ ಅದರ ಅರ್ಥ, ಮೇಡಂ ನೋಡಿದ್ದಾರೆ, ಪಾಸು. ಮೂರನೆಯ, ನಾಲ್ಕನೆಯ ಅಧ್ಯಾಯಗಳನ್ನೂ ಅವಳು ಅದೇ ತಪ್ಪಿನ ಮೇಲೆ ಕಟ್ಟಿದಳು. ಪ್ರತಿ ಸಲವೂ ನಾನು ಗಮನಿಸಿದೆ.

ಪ್ರಬಂಧ ಸಲ್ಲಿಸುವ ಮುಂಚೆ ಅದನ್ನು ವಿಭಾಗದ ಎದುರು ಮಂಡಿಸಬೇಕು. ಅವತ್ತು ಹತ್ತೇ ನಿಮಿಷದಲ್ಲಿ ವಿಭಾಗದ ಮುಖ್ಯಸ್ಥರು ಕೇಳಿದರು: "ಈ ಒಪ್ಪಂದ ಜಾರಿ ಯಾವಾಗ ಆತವಾ?"

ಅವಳು ಧೈರ್ಯವಾಗಿ ಹಾಳೆ ಎತ್ತಿ ತೋರಿಸಿದಳು. "ಮೇಡಂ ನೋಡ್ಯಾರ್ರಿ ಸರ್. ಇಲ್ಲೇ ಬರದಾರ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ನನ್ನ ಚಹಾದ ಕಪ್ಪನ್ನು ಗಮನಿಸಿದೆ.

ಪ್ರಬಂಧ ತಿರುಗಿ ಬಂತು. ಅವಳ ನೋಂದಣಿಯ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು. ಮುಗಿದರೆ ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇನ್ನಾರು ತಿಂಗಳು ಸಿಗಬೇಕಾದರೆ ಒಂದೇ ದಾರಿ: ತಡವಾದದ್ದು ಮಾರ್ಗದರ್ಶಕರಿಂದ ಎಂದು ಮಾರ್ಗದರ್ಶಕರೇ ಬರೆದುಕೊಡಬೇಕು.

ಬರೆಯಲು ಕೂತೆ. 'ಪರಸ್ಪರ ಸಂವಹನದಲ್ಲಿ ಉಂಟಾದ ಕೆಲವು ವ್ಯತ್ಯಾಸಗಳಿಂದಾಗಿ' ಎಂದು ಶುರುವಾಯಿತು. ಎಂಥ ಸೊಗಸಾದ ವಾಕ್ಯ! ತಪ್ಪು ಆಗಿದೆ, ಮಾಡಿದವರು ಯಾರೂ ಇಲ್ಲ. ಮುಖ್ಯಸ್ಥರು ಕನ್ನಡಕ ಏರಿಸಿ ಓದಿ, ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಆತ್ರಿ ಮೇಡಂ. ಇದನ್ನ ಹಿಡ್ಕೊಂಡು ಆ ಹುಡುಗಿಗೆ ಆರು ದಿನಾನೂ ಕೊಡೂದಿಲ್ರಿ."

ಇಂಥ ವಾಕ್ಯಗಳಿಗಾಗಿಯೇ ನನ್ನನ್ನು ಅಷ್ಟು ವರ್ಷ ಹೊಗಳಿದ್ದರು. ನಾಚಿಕೆಯಾಯಿತು. ಹೊಸ ಹಾಳೆ ತೆಗೆದುಕೊಂಡು ಬರೆದೆ: 'ವಿದ್ಯಾರ್ಥಿನಿಯ ಬರಹದಲ್ಲಿ ದೋಷವಿರುವುದನ್ನು ನಾನು ಮೊದಲೇ ಕಂಡಿದ್ದೆ. ಹೇಳಲಿಲ್ಲ. ತಪ್ಪು ನನ್ನದು.' ಮತ್ತೆ ಓದಿ ನೋಡದೆ ಸಹಿ ಹಾಕಿದೆ.

ಅರ್ಜಿ ಮಂಜೂರಾಯಿತು. ನಾನು ಬರೆದದ್ದರ ಒಂದು ಪ್ರತಿಯನ್ನು ಅವಳ ಕೈಗೂ ಕೊಟ್ಟೆ. ನಿಂತೇ ಓದಿದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿದ್ದೆ, ಅವಳ ಮುಖ ಕೆಂಪಾಯಿತು.

"ಕಂಡಿದ್ರಿ ಅಂದ್ರ ಆವಾಗ ಯಾಕ ಹೇಳಲಿಲ್ರಿ ಮೇಡಂ? ನಾ ಏನ ಸಣ್ಣಕೂಸೇನ್ರಿ?"

ಅವಳ ಮುಂದೆ ಒಳ್ಳೆಯವಳಾಗಿ ಉಳಿಯುವ ಆಸೆ ನನಗಿತ್ತು, ಅಷ್ಟೆ. ಅದನ್ನು ಹಾಗೆಯೇ ಹೇಳಿದೆ. ಅವಳು ಕುರ್ಚಿ ಎಳೆದು ಕೂತು, ಎರಡನೇ ಅಧ್ಯಾಯವನ್ನು ನನ್ನ ಮುಂದೆ ಬಿಚ್ಚಿಟ್ಟಳು.

"ಈಗ ಹೇಳ್ರಿ."

ಹೇಳಿದೆ. ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ಹೇಳಿದೆ. ಅವಳು ಎರಡು ಸಲ ಅತ್ತಳು. ಎರಡೂ ಸಲ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿ, ಮುಂದಿನ ಪುಟ ತಿರುವಿದೆ.