ಕುಬಸದ ಬೆಳಿಗ್ಗೆ ತೆರೆಯದ ಡಿಕ್ಕಿ

ನನಗೆ ಸಿಟ್ಟು ಬೇಗ ಬರುತ್ತದೆ, ಜಂಬ ಅದಕ್ಕಿಂತ ಬೇಗ ಬರುತ್ತದೆ. ಕಾರು ಕೊಂಡ ಮೇಲೆ ಎರಡಕ್ಕೂ ಒಂದು ಮನೆ ಸಿಕ್ಕಂತಾಯಿತು. ಸೆಕೆಂಡ್ ಹ್ಯಾಂಡ್ ಗಾಡಿಯೇ, ಆದರೆ ಹಿಂದೆ ಉದ್ದನೆಯ ಡಿಕ್ಕಿ ಇತ್ತು. ಚಾವಿಯ ಮೇಲಿನ ಗುಂಡಿ ಒತ್ತಿದರೆ ಸಾಕು, ಟಕ್ಕೆಂದು ತಾನೇ ಬಾಯಿ ಬಿಡುತ್ತಿತ್ತು. ಸವಣೂರಿನ ನಮ್ಮ ಓಣಿಯಲ್ಲಿ ಆ ಗುಂಡಿಯನ್ನು ನಾನು ಕೆಲಸವಿಲ್ಲದೆಯೂ ಒತ್ತಿದ್ದುಂಟು.

ತಂಗಿಗೆ ಏಳು ತಿಂಗಳು ಬಿತ್ತು. ಹಾನಗಲ್ಲಿನಲ್ಲಿರುವ ಅವಳ ಗಂಡನ ಮನೆಯಲ್ಲಿ ಕುಬಸದ ಶಾಸ್ತ್ರ, ಅಂದರೆ ಸೀಮಂತ, ನಿಗದಿಯಾಯಿತು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ, ಕುಬಸದ ರವಿಕೆ, ಬಳೆ, ತಿಂಡಿಯ ಬುಟ್ಟಿ ಎಲ್ಲ ತವರಿನಿಂದಲೇ ಹೋಗಬೇಕು. ಆಮೇಲೆ ಐದು ಮಂದಿ ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು, ಎಲೆ ಅಡಿಕೆ ಹಾಕಿ ಉಡಿ ತುಂಬಬೇಕು. ಮುತ್ತೈದೆಯರೇ ಆಗಬೇಕು. ತೊಡಕು ಇದ್ದದ್ದು ಅಲ್ಲಿ.

ಅಪ್ಪ ಹೋಗಿ ಆರು ವರ್ಷವಾಗಿತ್ತು. ತಂಗಿಯ ಮದುವೆಯಲ್ಲಿ ಊರೆಲ್ಲ ಅಕ್ಕಿಕಾಳು ಹಾಕುವಾಗ ಅವ್ವ ಅಡುಗೆಯವರ ಹತ್ತಿರ ನಿಂತು ಸಾರಿಗೆ ಉಪ್ಪು ಸಾಕೋ ಬೇಕೋ ನೋಡುತ್ತಿದ್ದಳು. ತಂಗಿ ಅದನ್ನು ಮರೆತಿರಲಿಲ್ಲ. ಈ ಸಲ ಫೋನಿನಲ್ಲೇ ಪಟ್ಟು ಹಿಡಿದಳು.

"ಮೊದಲ ಉಡಿ ನೀನ ತುಂಬಬೇಕವ್ವಾ. ಇಲ್ಲಾಂದ್ರ ನಾ ಮಣಿ ಮ್ಯಾಲ ಕುಂದರೂದಿಲ್ಲ."

"ನನ್ನ ಕೈಲೆ ಬ್ಯಾಡ, ಹುಚ್ಚಿ. ನಾಳೆ ಕೂಸಿಗೆ ಏನರ ಹೆಚ್ಚು ಕಡಿಮಿ ಆದ್ರ ನಾ ಹೆಂಗ ಬದುಕ್ಲಿ?"

ಅವ್ವನ ಹೆದರಿಕೆ ಜನರ ಬಾಯಿಗಲ್ಲ, ಇನ್ನೂ ಹುಟ್ಟದ ಆ ಕೂಸಿಗಾಗಿ. ತಂಗಿಯ ಅತ್ತೆಯನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು. ಓಣಿಯ ಜಗಳಕ್ಕೆಲ್ಲ ತೋಳೇರಿಸಿ ನಿಲ್ಲುವ ನಾನು ಆ ಒಂದು ಮಾತು ಕೇಳಲಿಲ್ಲ. ಶಾಸ್ತ್ರದಲ್ಲಿ ಆಕೆ ಬಹಳ ಬಿಗಿ ಎಂದು ಹೆಸರಾಗಿತ್ತು. ಆಕೆ ಇಲ್ಲ ಎಂದುಬಿಟ್ಟರೆ ಅವ್ವನಿಗೆ ಆ ಇಲ್ಲವನ್ನು ನಾನೇ ಮುಟ್ಟಿಸಬೇಕಲ್ಲ ಎಂದು ಹೆದರಿದ್ದೆ.

ಗುರುವಾರ ಸಂಜೆ ಬಂಕಾಪುರದ ಮೇಲೆ ಹಾದು ಹಾನಗಲ್ ಸೇರಿದೆವು. ತವರಿನ ಸಾಮಾನು ಆರತಿ ಆಗದೆ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಉಡಿಯ ಅಕ್ಕಿ, ಕೊಬ್ಬರಿಯ ಚೀಲವೂ ಸೇರಿ ಎಲ್ಲವೂ ಡಿಕ್ಕಿಯಲ್ಲೇ ಉಳಿಯಿತು. ಅದರಲ್ಲಿ ಸವಣೂರಿನ ವೀಳ್ಯದೆಲೆಯ ದೊಡ್ಡ ಕಟ್ಟೂ ಇತ್ತು. ಅವ್ವ ವರ್ಷಗಟ್ಟಲೆ ಎಲೆತೋಟದಲ್ಲಿ ಎಲೆ ಕೊಯ್ದವಳು.

"ಎಲಿಗೆ ಗಾಳಿ ಬೇಕೋ. ಬಾಯಿ ಮುಚ್ಚಿಟ್ರ ಮುಂಜಾನಿ ಅನ್ನೂದ್ರಾಗ ಕರ್ರಗ ಆಗ್ತಾವ," ಅಂದಳು.

ಎಲೆಯ ವಿಷಯದಲ್ಲಿ ಅವ್ವನ ಮಾತಿಗೆ ಎದುರಿಲ್ಲ. ಒಂದು ಟವೆಲ್ ಸುರುಳಿ ಸುತ್ತಿ ಡಿಕ್ಕಿಯ ಬಾಯಿಗೆ ಸಿಕ್ಕಿಸಿ, ಅಂಗೈಯಷ್ಟು ತೆರೆದಿಟ್ಟು ಮಲಗಿದೆ. ಡಿಕ್ಕಿ ತೆರೆದಿದ್ದರೆ ಒಳಗೊಂದು ಪುಟ್ಟ ದೀಪ ಉರಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಳೆಯಲಿಲ್ಲ ಅಷ್ಟೇ. ಎಲೆಗಳು ರಾತ್ರಿಯಿಡೀ ತಣ್ಣಗೆ ಉಸಿರಾಡಿದವು, ಮುದಿ ಬ್ಯಾಟರಿ ರಾತ್ರಿಯಿಡೀ ಆ ದೀಪ ಉರಿಸಿ ಪ್ರಾಣ ಬಿಟ್ಟಿತು.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಮೊದಲ ಉಡಿ ಬೀಳಬೇಕು ಎಂದು ತಂಗಿಯ ಅತ್ತೆ ಎದ್ದಾಗಿನಿಂದ ಹೇಳುತ್ತಿದ್ದರು. ಒಂಬತ್ತೂವರೆಗೆ ಹೆಂಗಸರು ಆರತಿ ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ಆಗ ನಾನು ಮಾಡಿದ್ದು ಕೇಳಿ. ಟವೆಲ್ ತೆಗೆದು, ಬಾಯಿ ಬಿಟ್ಟಿದ್ದ ಡಿಕ್ಕಿಯನ್ನು ಧಡ್ಡೆಂದು ಮುಚ್ಚಿದೆ. ಯಾಕೆಂದರೆ ಬೀಗರ ಎದುರು ಗುಂಡಿ ಒತ್ತಿ ತೆರೆಯಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಅದು ನನ್ನಂಥವರನ್ನು ಕಂಡೇ ಹುಟ್ಟಿದ ಮಾತು.

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಆರತಿಯ ದೀಪಗಳು ಗಾಳಿಗೆ ಅಲುಗಾಡುತ್ತಿದ್ದವು, ಹೆಂಗಸರು ಕಾಯುತ್ತಿದ್ದರು. ಚಾವಿಯ ಹೊಟ್ಟೆಯಿಂದ ಕಬ್ಬಿಣದ ಚಾವಿ ಎಳೆದು ಮುಂದಿನ ಬಾಗಿಲು ತೆಗೆದೆ. ಸ್ಟಾರ್ಟ್ ಮಾಡಿದರೆ ಕಟ್ ಅನ್ನುವ ಸದ್ದೂ ಇಲ್ಲ. ಡಿಕ್ಕಿಗೆ ಹೊರಗಡೆ ಚಾವಿ ಹಾಕುವ ತೂತೇ ಇಲ್ಲ. ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದ ಗುಂಡಿಯೇ ಕೈಕೊಟ್ಟಿತ್ತು. ಸಿಟ್ಟು ಬಂದು ಗಾಲಿಗೊಂದು ಒದೆ ಕೊಟ್ಟೆ. ಕಾಲ್ಬೆರಳು ನೊಂದಿತು.

ತಂಗಿಯ ಗಂಡ ಓಡಿಹೋಗಿ ಪಕ್ಕದ ಮನೆಯ ಟ್ರ್ಯಾಕ್ಟರ್ ತಂದ. ಅದರ ಬ್ಯಾಟರಿಯಿಂದ ಕರೆಂಟು ಕೊಡುವುದು ಸರಿಯಾದ ದಾರಿಯೇ, ಆದರೆ ಅದಕ್ಕೆ ಬೇಕಾದ ದಪ್ಪ ಕೇಬಲ್ ಇರಲಿಲ್ಲ. ಮನೆಯ ಅಲಂಕಾರದ ಸೀರಿಯಲ್ ಸೆಟ್ಟಿನ ವೈರ್ ಕತ್ತರಿಸಿ ಹಚ್ಚಿದೆವು. ವೈರ್ ಹೊಗೆಯಾಡಿತು. ಅತ್ತೆ ಕಟ್ಟೆಯ ಮೇಲಿಂದ, "ಸಾಕು ಬಿಡ್ರಿ, ಬಸುರಿ ಇರೂ ಮನಿ ಇದು," ಅಂದರು. ಹತ್ತಾಗಲು ಐದು ನಿಮಿಷವಿತ್ತು.

ಆಗ ಎದುರು ಮನೆಯ ಚಾಚಾ ಬಂದರು. ಆಟೋ, ಟಂಟಂಗಳಿಗೆ ಸೀಟು ಹೊಲಿಯುವವರು. ಡಿಕ್ಕಿಯನ್ನು ನೋಡಲೇ ಇಲ್ಲ, ಹಿಂದಿನ ಸೀಟಿನ ಮೇಲೆ ಕೈಯಾಡಿಸಿದರು.

"ತಮ್ಮಾ, ಇದರ ಬೆನ್ನ ಎರಡ ಬೋಲ್ಟಿನ ಮ್ಯಾಲ ನಿಂತೇತಿ. ಬೆನ್ನ ತಗದ್ರ ಒಳಗ ದಾರಿ. ಮುಚ್ಚಳದಾಗ, ಕೀಲಿ ಹತ್ರ ಸಣ್ಣ ನಾಲಗಿ ಇರತೈತಿ. ಅದನ್ನ ಸ್ಕ್ರೂಡ್ರೈವರ್‌ಲೆ ದೂಡಿದ್ರ ಬಾಯಿ ಬಿಡತೈತಿ."

ಎಂಟು ನಿಮಿಷದಲ್ಲಿ ಸೀಟಿನ ಬೆನ್ನು ಅಂಗಳದಲ್ಲಿತ್ತು! ನನಗೆ ಚಾಚಾನ ಕೈಗೆ ಮುತ್ತು ಕೊಡುವಷ್ಟು ಖುಷಿ. ಹಿಂದೆ ತಗಡಿನ ಗೋಡೆ, ಅದರಲ್ಲೊಂದು ಸಣ್ಣ ಕಿಟಕಿಯಷ್ಟು ಸಂದು. ನಾನು ನುಗ್ಗಿದೆ. ಭುಜ ಹೋಯಿತು, ಹೊಟ್ಟೆ ಹೋಗಲಿಲ್ಲ. ತಂಗಿಯ ಗಂಡ ನನಗಿಂತ ಅಗಲ.

"ಸರೀರಿ," ಅಂದಳು ಅವ್ವ.

ಅಲ್ಲಿಯವರೆಗೆ ಬಚ್ಚಲ ಮನೆಯ ಮೂಲೆಯಲ್ಲಿ ನಿಂತಿದ್ದವಳು ಸೆರಗು ಸೊಂಟಕ್ಕೆ ಬಿಗಿದು, ಸ್ಕ್ರೂಡ್ರೈವರ್ ಹಲ್ಲಿನಲ್ಲಿ ಕಚ್ಚಿ, ಬಳ್ಳಿಯ ಸಾಲಿನಲ್ಲಿ ನುಸುಳುವ ಹಾಗೆ ಸಂದಿಯಲ್ಲಿ ನುಸುಳಿಬಿಟ್ಟಳು. ನನ್ನ ಅವ್ವ ಅಷ್ಟು ತೆಳ್ಳಗಿದ್ದಾಳೆಂದು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

ಒಳಗಿಂದ ದನಿ ಬಂತು. "ಕೀಲಿಗೆ ಬುಟ್ಟಿ ಅಡ್ಡ ಐತಿ. ಉಡಿ ಚೀಲ ಬೋರಲ ಬಿದ್ದೈತಿ ನೋಡ, ಅಕ್ಕಿ ಎಲ್ಲಾ ಚೆಲ್ಲೇತಿ. ನಿನ್ನ ಧಡಪಡ ಯಾವಾಗ ಬಿಡ್ತಿಯೋ ಏನೋ."

ಕರ್ಚಿಕಾಯಿಯ ದೊಡ್ಡ ಬುಟ್ಟಿ ಆ ಸಂದಿಯಲ್ಲಿ ಬರುವಂತಿರಲಿಲ್ಲ. ಸಣ್ಣ ಸಾಮಾನು ಹೊರಗೆ ಕೊಟ್ಟರೆ ಮಾತ್ರ ಅದನ್ನು ಪಕ್ಕಕ್ಕೆ ಸರಿಸಬಹುದಿತ್ತು. ಅವ್ವನ ಮುಖ ಕೀಲಿಯ ಕಡೆ, ತಿರುಗಲು ಜಾಗವಿಲ್ಲ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ತೋಳು ಹಿಂದೆ ಚಾಚಿ ಕೊಡತೊಡಗಿದಳು. ಸೀರೆ, ಕುಬಸ, ಬಳೆಯ ಪೊಟ್ಟಣ ನಾನು ಹಿಡಿದೆ. ಅಷ್ಟರಲ್ಲಿ ಚಾಚಾ ಹಿಂದಿನಿಂದ ಕೂಗಿದರು, ಮುಚ್ಚಳ ಮೇಲಕ್ಕೆ ಎಳೆದು ಹಿಡಿಯಲು ನಾನು ಬೇಕಂತೆ. ನಾನು ಇಳಿದು ಹಿಂದಕ್ಕೆ ಓಡಿದೆ.

ಮುಚ್ಚಳಕ್ಕೆ ಕೈಹಾಕಿ ಹಿಂದಿನ ಗಾಜಿನಲ್ಲಿ ನೋಡುತ್ತೇನೆ, ನಾನಿದ್ದ ಜಾಗದಲ್ಲಿ ತಂಗಿ ಬಂದು ಕುಳಿತಿದ್ದಾಳೆ. ಏಳು ತಿಂಗಳ ಹೊಟ್ಟೆಯ ಮೇಲೆ ಸೆರಗು ಹಾಸಿ, ಎರಡೂ ಕೈಯಲ್ಲಿ ಅಂಚು ಹಿಡಿದು ಸಂದಿಗೆ ಒಡ್ಡಿದ್ದಾಳೆ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. 

"ಹಿಡಿ," ಅಂದಳು ಅವ್ವ. ಕೊಬ್ಬರಿ ಬಟ್ಟಲು ಸೆರಗಿಗೆ ಬಿತ್ತು. "ಹಿಡಿ." ಉತ್ತತ್ತಿ. ಅರಿಸಿನದ ಕೊಂಬು. ಅಡಿಕೆ. ಒದ್ದೆ ಬಟ್ಟೆಯ ಎಲೆಯ ಕಟ್ಟು. ಆಮೇಲೆ ಚೆಲ್ಲಿದ ಅಕ್ಕಿ. ಉಡಿಯ ಅಕ್ಕಿಯನ್ನು ಡಿಕ್ಕಿಯ ಧೂಳಿನಲ್ಲಿ ಬಿಡುವ ಹೆಂಗಸಲ್ಲ ಅವ್ವ. ಹಿಡಿ ಹಿಡಿಯಾಗಿ ಬಾಚಿ ಹಿಂದೆ ಕೊಟ್ಟಳು, ಒಂದು, ಎರಡು, ಐದು ಹಿಡಿ. ತಂಗಿಯ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು, ಆದರೆ ಅವಳು ಅವ್ವನಿಗೆ ಕೇಳುವಂತೆ ಉಸಿರೂ ಬಿಡಲಿಲ್ಲ. ಕಾರಿನ ತೆರೆದ ಬಾಗಿಲ ಬಳಿ ಅವಳ ಅತ್ತೆ ನಿಂತಿದ್ದರು. ಎಲ್ಲ ನೋಡುತ್ತಿದ್ದರು. ನಾನು ಅವರ ಮುಖ ನೋಡಲಾರದೆ ಮುಚ್ಚಳ ನೋಡಿದೆ.

ಬುಟ್ಟಿ ಸರಿದ ಸದ್ದಾಯಿತು. ಲೋಹಕ್ಕೆ ಲೋಹ ಕೆರೆಯಿತು. ಟಕ್! ಮುಚ್ಚಳ ನನ್ನ ಕೈಯಿಂದ ಹಾರಿ ಮೇಲಕ್ಕೆ ಹೋಯಿತು. ಒಳಗೆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅವ್ವ ಕುಕ್ಕರುಗಾಲಲ್ಲಿ ಕುಳಿತಿದ್ದಳು, ತಲೆಯಲ್ಲಿ ಧೂಳು, ಕೈಯಲ್ಲಿ ಸ್ಕ್ರೂಡ್ರೈವರ್. ಎಂದೂ ಅಷ್ಟು ಹಲ್ಲು ಬಿಟ್ಟು ನಕ್ಕವಳಲ್ಲ.

ಆಮೇಲೆ ನನ್ನನ್ನು ನೋಡಿದಳು. ನಗು ನಿಂತಿತು.

"ನೀ ಇಲ್ಲೆ ಅದಿ. ಹಂಗಾರ ಅಲ್ಲೆ ಯಾರು ಹಿಡಕೊಂಡ್ರು?"

ಅವ್ವ ಮೆಲ್ಲಗೆ ಹಿಂದೆ ಹೊರಳಿ ಸಂದಿಯಲ್ಲಿ ನೋಡಿದಳು. ತಂಗಿಯ ಮುಖ, ಅದರ ಕೆಳಗೆ ತುಂಬಿದ ಸೆರಗು.

"ತಗೀ, ತಗಿಯವ್ವ ಅದನ್ನ," ಅಂದಳು ಅವ್ವ. "ತಟ್ಟಿಗೆ ಸುರುವು. ಐದ ಮಂದಿ ಮತ್ತ ಮೊದಲಿಂದ ತುಂಬ್ಲಿ. ನಾ ಬೇಕಂತ ಮಾಡಿಲ್ಲರಿ ಅಕ್ಕಾರ, ನಂಗ ಗೊತ್ತಿರಲಿಲ್ಲ."

ಕೊನೆಯ ಮಾತು ತಂಗಿಯ ಅತ್ತೆಗೆ. ಆಕೆ ಕಾರಿನೊಳಗೆ ಬಗ್ಗಿ, ಜಾರುತ್ತಿದ್ದ ಸೆರಗಿನ ತುದಿಯನ್ನು ಎತ್ತಿ ಸೊಸೆಯ ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದರು.

"ತುಂಬಿದ ಉಡಿ ಸುರುವೂ ಪದ್ಧತಿ ನಮ್ಮ ಮನ್ಯಾಗ ಇಲ್ಲರಿ ಅಕ್ಕಾರ," ಅಂದರು. ಆಮೇಲೆ ಆರತಿ ಹಿಡಿದು ನಿಂತಿದ್ದ ಹೆಂಗಸರ ಕಡೆ ತಿರುಗಿದರು. "ಹತ್ತೂ ಇಪ್ಪತ್ತಾತು. ಮೊದಲ ಉಡಿ ಬಿತ್ತು. ಇನ್ನ ನಾಕು ಮಂದಿ ಬರ್ರಿ."